ಅಮ್ಮ ಆರಿಸದ ಕರ್ಪೂರ

ನಮ್ಮೂರಿನ ಮಕ್ಕಳೆಲ್ಲ ತಾಯಂದಿರ ಕೈಯಲ್ಲಿ ಬೈಸಿಕೊಂಡೇ ಬೆಳೆದವರು. ಬೆಳಗಾದರೆ ಸಾಕು, ಒಂದೊಂದು ಬಾಗಿಲಿನಿಂದಲೂ ಬೈಗುಳ ಬೀದಿಗೆ ಬರುತ್ತಿತ್ತು. ನಿನ್ನ ಬಾಯಿಗೆ ಮಣ್ಣು ಹಾಕ, ನೀನು ಹಾಳಾಗಿ ಹೋಗ, ನಿನ್ನನ್ನು ಯಾರಾದರೂ ಹೊತ್ತುಕೊಂಡು ಹೋಗ. ಬೈದವಳೇ ಇನ್ನೊಂದು ಗಳಿಗೆಗೆ ಅದೇ ಮಗುವನ್ನು ಕೂರಿಸಿಕೊಂಡು ಬಿಸಿ ಮುದ್ದೆಗೆ ತುಪ್ಪ ಹಾಕಿ ತಿನ್ನಿಸುತ್ತಿದ್ದಳು. ಆ ಮಾತುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಬೈಸಿಕೊಂಡ ಮಗುವಂತೂ ಮೊದಲೇ ಇಲ್ಲ. ನನ್ನ ಅಮ್ಮ ಮಾತ್ರ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಮಡಕೆ ಒಡೆದರೂ ಬೈಯಲಿಲ್ಲ, ಹಾಲು ಚೆಲ್ಲಿದರೂ ಬೈಯಲಿಲ್ಲ. ಎಂಥಾ ಪುಣ್ಯವಂತೆ ಅಂತೀರೇನೋ, ಅನ್ನಬೇಡಿ. ನನಗೆ ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದು ಇರಲಿಲ್ಲ.

ಯಾಕೆಂದರೆ ಊರು ಅದನ್ನು ನೋಡುತ್ತಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು ನನ್ನ ಕಡೆ ಕಣ್ಣು ಹಾಯಿಸಿ ಆಡಿಕೊಳ್ಳುತ್ತಿದ್ದರು. ಹೆತ್ತ ಮಗಳನ್ನು ಹೆಂಗೆ ಅಂಗೈಯಲ್ಲಿಟ್ಟು ಸಾಕ್ತಾಳೆ ನೋಡು, ಆ ಹುಡುಗನ್ನ ಮಾತ್ರ ಏನು ಮಾಡಿದಳೋ ಅನ್ನುತ್ತಿದ್ದರು. ನನಗೆ ಕೇಳಿಸಲಿ ಎಂದೇ ಅನ್ನುತ್ತಿದ್ದರು. ನಾನು ಬಿಂದಿಗೆಯನ್ನು ಅರ್ಧ ತುಂಬಿಸಿಕೊಂಡು ಮನೆಗೆ ಓಡುತ್ತಿದ್ದೆ.

ಆ ಹುಡುಗ ಅಂದರೆ ನನ್ನ ಅಣ್ಣ. ನಾನು ಕಣ್ಣಾರೆ ನೋಡದ ಅಣ್ಣ. ಅವನು ಅಪ್ಪನ ಮೊದಲ ಹೆಂಡತಿಯ ಮಗ. ಆ ತಾಯಿ ಅವನಿಗೆ ನಡಿಗೆ ಬರುವ ಹೊತ್ತಿಗೆ ಜ್ವರದಲ್ಲಿ ತೀರಿಕೊಂಡಿದ್ದಳು. ಮಗುವನ್ನು ನೋಡಿಕೊಳ್ಳಲು ಒಬ್ಬಳು ಬೇಕಲ್ಲ ಎಂದು ನನ್ನ ಅಜ್ಜಿ, ಅಪ್ಪನ ತಾಯಿ, ಮುಳಬಾಗಿಲಿನ ಆಚೆಯ ಒಂದು ತೆಲುಗು ಮನೆಯಿಂದ ನನ್ನ ಅಮ್ಮನನ್ನು ತಂದಳು. ನಮ್ಮೂರಿನಲ್ಲಿ ತೆಲುಗು ಬಾರದವರು ಯಾರೂ ಇರಲಿಲ್ಲ. ಆದರೂ ಅಮ್ಮನ ಕನ್ನಡದಲ್ಲಿ ತೆಲುಗಿನ ರಾಗ ಒಂದಿಷ್ಟು ಜಾಸ್ತಿ ಎಳೆಯುತ್ತಿತ್ತು. ಬೇಕಾದಾಗ ಅವಳನ್ನು ಹೊರಗಿನವಳು ಅನ್ನುವುದಕ್ಕೆ ಅಷ್ಟು ಸಾಕಾಗಿತ್ತು.

ನಮ್ಮೂರು ಶ್ರೀನಿವಾಸಪುರಕ್ಕೂ ಯಲ್ದೂರಿಗೂ ನಡುವೆ ಎಲ್ಲೋ ಒಂದು ಕಡೆ ಇದೆ ಅಂದುಕೊಳ್ಳಿ. ಊರಿನ ಮೂಡಲ ಕಡೆ ನಮ್ಮ ಮಾವಿನ ತೋಪು. ಅಲ್ಲಿಗೆ ಹೋಗಲು ಒಂದು ಕಾಲುದಾರಿ, ದಾರಿಯ ಪಕ್ಕದಲ್ಲಿ ಮಳೆನೀರು ನಿಲ್ಲುವ ಒಂದು ಕುಂಟೆ. ಪಡುವಲ ಕಡೆ ಹಿಪ್ಪುನೇರಳೆ ತೋಟ. ಅದರ ಬೇಲಿಗೆ ತಗುಲಿಕೊಂಡೇ ಕೋಲಾರದ ಕಡೆ ಹೋಗುವ ಗಾಡಿದಾರಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಹಜಾರದ ಮಗ್ಗುಲಿನ ಕತ್ತಲೆ ಕೋಣೆಯೇ ಹುಳುಮನೆ. ಇಷ್ಟು ತಿಳಿದರೆ ಸಾಕು, ಮುಂದಿನದೆಲ್ಲ ಅರ್ಥವಾಗುತ್ತದೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಕೆಲವು ವರ್ಷ ಮೊದಲು, ಮಾವು ಬಲಿಯುವ ಕಾಲದಲ್ಲಿ, ಅಣ್ಣ ಕಾಣೆಯಾದ. ಆಗ ಅವನಿಗೆ ಆರು ನಡೆಯುತ್ತಿತ್ತು. ಅಪ್ಪ ಹಗಲು ರಾತ್ರಿ ತೋಪಿನಲ್ಲೇ ಕಾವಲಿದ್ದ. ಹಿಂದಿನ ರಾತ್ರಿ ಒಂದು ಅಡ್ಡಮಳೆ ಬಿದ್ದಿತ್ತು. ಬೆಳಿಗ್ಗೆ ಅಣ್ಣ ಮನೆಯಿಂದ ಹೊರಟ. ಅಪ್ಪನ ಹತ್ತಿರ ತೋಪಿಗೆ ಹೋಗುತ್ತೇನೆ ಅಂದ, ಕಳಿಸಿದೆ ಎಂದು ಅಮ್ಮ ಹೇಳಿದಳು. ಅವನು ತೋಪಿನಲ್ಲಿದ್ದಾನೆ ಎಂದು ಅವಳು ಇಡೀ ದಿನ ಮನೆಯಲ್ಲಿ ಸುಮ್ಮನಿದ್ದಳು. ಮಗ ಮನೆಯಲ್ಲಿದ್ದಾನೆ ಎಂದು ಅಪ್ಪ ತೋಪಿನಲ್ಲಿ ಸುಮ್ಮನಿದ್ದ. ಸಂಜೆ ಅಪ್ಪ ಊಟಕ್ಕೆ ಬಂದು ಮಗ ಎಲ್ಲಿ ಎಂದು ಕೇಳಿದಾಗಲೇ ಅವನು ಎರಡೂ ಕಡೆ ಇಲ್ಲ ಎಂದು ಗೊತ್ತಾದದ್ದು.

ಊರಿಗೆ ಊರೇ ಮೂಡಲ ಕಡೆ ಓಡಿತು. ಕುಂಟೆಗೆ ಇಳಿದು ಕಾಲಲ್ಲಿ ತಡಕಿದರು. ತೋಪಿನ ಬಾವಿಗೆ ಪಾತಾಳಗರಡಿ ಬಿಟ್ಟು ಕಲಕಿದರು. ಬಿದ್ದ ಕೊಡ ತೆಗೆಯುವ ಕೊಕ್ಕೆಗಳ ಗೊಂಚಲು ಅದು. ಒಂದು ಹಳೇ ಸೇದುವ ಹಗ್ಗ, ಒಂದು ತೂತು ತಂಬಿಗೆ ಬಂತು, ಮಗು ಬರಲಿಲ್ಲ. ಆಮೇಲೆ ತಾಲ್ಲೂಕಿನಿಂದ ಪೊಲೀಸರು ಬಂದರು. ಅವರಲ್ಲಿ ದೊಡ್ಡವನು ಜಗಲಿಯ ಮೇಲೆ ಕೂತು ಅಮ್ಮನನ್ನು ಬಾಗಿಲ ಮರೆಯಲ್ಲಿ ನಿಲ್ಲಿಸಿ ಕೇಳಿದ. ಅವಳು ಅದೇ ಮಾತು ಹೇಳಿದಳು, ತೋಪಿಗೆ ಕಳಿಸಿದೆ. ತೋಪಿನ ದಾರಿಯಲ್ಲಿ ಆ ಹೊತ್ತು ಯಾರಿದ್ದರು ಎಂದು ಹುಡುಕಿದಾಗ ಪಕ್ಕದ ತೋಪಿನ ಕಾವಲಿನವನೊಬ್ಬ ಸಿಕ್ಕಿದ. ಮಗುವನ್ನು ನಾನು ನೋಡಲೇ ಇಲ್ಲ ಎಂದು ಅವನು ಅಂದ. ಆ ದಾರಿಯಲ್ಲಿ ಬಂದ ಮಗುವನ್ನು ನೋಡದೆ ಇರಲು ಹೇಗೆ ಸಾಧ್ಯ, ಸುಳ್ಳು ಹೇಳುತ್ತಿದ್ದಾನೆ ಎಂದು ಅವನನ್ನು ಎಳೆದುಕೊಂಡು ಹೋದರು. ಬಿಟ್ಟು ಕಳಿಸಿದಾಗ ಅವನಿಗೆ ಒಂದು ತೋಳು ಮೇಲಕ್ಕೆ ಏಳುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರನ್ನೇ ಬಿಟ್ಟು ಹೋದ. ಅವನ ಹೆಸರು ಬಂದಾಗಲೆಲ್ಲ ಅಮ್ಮ ಎದ್ದು ಹೋಗುತ್ತಿದ್ದಳು. ಚಿಕ್ಕವಳಾದ ನನಗೇ ಅದು ಕಣ್ಣಿಗೆ ಬೀಳುತ್ತಿತ್ತು.

ಕಾವಲಿನವನಿಂದ ಏನೂ ಹೊರಡದೆ ಹೋದ ಮೇಲೆ ಅನುಮಾನ ನಮ್ಮ ಮನೆಯೊಳಕ್ಕೇ ಬಂತು. ಮಲತಾಯಿ ಅಲ್ಲವೇ ಅವಳು. ತಿಪ್ಪೆ ಅಗೆಸಿದರು. ಅಂಗಳದಲ್ಲಿದ್ದ ರಾಗಿಯ ಹಗೇವಿನ ಬಾಯಿ ತೆಗೆಸಿ, ಒಳಗೆ ಉಸಿರಾಡುವ ಗಾಳಿ ಇದೆಯೋ ಇಲ್ಲವೋ ಎಂದು ದೀಪ ಇಳಿಬಿಟ್ಟು ನೋಡಿ, ಒಬ್ಬನನ್ನು ಇಳಿಸಿದರು. ಅವನು ಮೊಣಕಾಲುದ್ದ ರಾಗಿಯಲ್ಲಿ ತಡಕಾಡಿ ಬರಿಗೈಯಲ್ಲಿ ಮೇಲೆ ಬಂದ. ಹುಳುಮನೆಯ ತಟ್ಟೆಗಳನ್ನೆಲ್ಲ ಬೆಳಕಿಗೆ ಎಳೆದು ಹಾಕಿದರು. ಆ ಸಲದ ರೇಷ್ಮೆ ಬೆಳೆ ಹಾಗೇ ಹೋಯಿತು. ಅಮ್ಮ ಗೋಡೆಗೆ ಒರಗಿ ನಿಂತು ನೋಡಿದಳಂತೆ. ಎಂಥಾ ಗಟ್ಟಿ ಗುಂಡಿಗೆ ನೋಡು ಎಂದು ಅಜ್ಜಿ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಪೊಲೀಸರು ಹೋದ ಮೇಲೆ ಊರು ತನ್ನ ತನಿಖೆ ಶುರು ಮಾಡಿತು. ನಮ್ಮ ಕಡೆ ಯಾರ ಮೇಲಾದರೂ ಅನುಮಾನ ಬಂದರೆ ದೇವರ ಮುಂದೆ ಕರ್ಪೂರ ಆರಿಸುತ್ತಾರೆ. ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟು ಆರಿಸಿ, ಹೇಳಬೇಕಾದ್ದನ್ನು ಹೇಳಬೇಕು. ಸುಳ್ಳು ಹೇಳಿದರೆ ಅದು ಹೇಳಿದವರಿಗೆ ತಗಲುವುದಿಲ್ಲ, ಅವರ ಹೊಟ್ಟೆಯಲ್ಲಿ ಹುಟ್ಟಿದವರಿಗೆ ತಗಲುತ್ತದೆ ಎಂಬುದು ನಂಬಿಕೆ. ಅದಕ್ಕೇ ಕೋರ್ಟಿನಲ್ಲಿ ಸುಳ್ಳು ಹೇಳುವ ಘಟವಾಣಿಯೂ ಕರ್ಪೂರದ ಮುಂದೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಗಂಗಮ್ಮನ ಗುಡಿಯಲ್ಲಿ ಅಪ್ಪ ಆರಿಸಿದ, ಅಜ್ಜಿ ಆರಿಸಿದಳು, ಅಕ್ಕಪಕ್ಕದ ಮನೆಯವರೆಲ್ಲ ಆರಿಸಿದರು. ಮಗುವಿಗೆ ಕೇಡು ಮಾಡಿಲ್ಲ, ಗೊತ್ತಿದ್ದದ್ದರಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ, ಇಷ್ಟೇ ಮಾತು. ಅಮ್ಮನ ಸರದಿ ಬಂದಾಗ ಅವಳು ಮುಂದೆ ಬಂದು, ಕರ್ಪೂರವನ್ನೇ ನೋಡುತ್ತ ನಿಂತು, ನನ್ನ ಕೈಲಾಗಲ್ಲ ಎಂದು ಹಿಂದಕ್ಕೆ ಸರಿದಳು. ಕರ್ಪೂರ ತಾನಾಗಿ ಉರಿದು ಮುಗಿಯಿತು. ಅಲ್ಲಿಗೆ ಊರಿನ ತೀರ್ಪೂ ಮುಗಿಯಿತು.

ಕೆಲವು ತಿಂಗಳಿಗೆ ಅವಳ ಹೊಟ್ಟೆ ಕಾಣತೊಡಗಿತು. ಆಗ ಊರಿಗೆ ಎಲ್ಲವೂ ಸ್ಪಷ್ಟವಾಗಿ ಹೋಯಿತು ನೋಡಿ. ತನ್ನದು ಅಂತ ಒಂದು ಬರ್ತಾ ಇತ್ತು, ಅದಕ್ಕೇ ಸವತಿಯದನ್ನು ದಾರಿಯಿಂದ ತೆಗೆದಳು, ತೋಪು ತನ್ನ ಮಗುವಿಗೆ ಸೇರಲಿ ಅಂತ. ಆ ಹೊಟ್ಟೆಯಲ್ಲಿದ್ದದ್ದು ನಾನು. ಹುಟ್ಟುವುದಕ್ಕೂ ಮೊದಲೇ ನಾನು ಒಂದು ಕೊಲೆಗೆ ಕಾರಣ ಅನ್ನಿಸಿಕೊಂಡಿದ್ದೆ. ಈಗ ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಬೆಳೆಯುತ್ತ ನಾನು ಕೇಳಿದ್ದೆಲ್ಲ ಇದೇ. ತಿಪ್ಪೆ ಅಗೆದ ಗುಂಡಿಯನ್ನು ಯಾರೂ ಸರಿಯಾಗಿ ಮುಚ್ಚಿರಲಿಲ್ಲ. ಕುಂಟೆಬಿಲ್ಲೆ ಆಡಲು ಬಂದ ಮಕ್ಕಳು ಅದನ್ನು ಸುತ್ತಿಕೊಂಡು ಹೋಗುತ್ತಿದ್ದರು. ಜಗಳ ಬಂದರೆ ಒಂದೇ ಮಾತು, ಅಣ್ಣನ್ನ ತಿಂದೋಳು. ನಾನು ಸುಮ್ಮನಿರುವ ಪೈಕಿ ಅಲ್ಲ. ಒಬ್ಬಳ ಜಡೆ ಹಿಡಿದು ಎಳೆದಿದ್ದೇನೆ, ಒಬ್ಬಳ ಕೈ ಕಚ್ಚಿದ್ದೇನೆ. ಕಚ್ಚಿಸಿಕೊಂಡವಳ ತಾಯಿ ನಮ್ಮ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಅಂದು ಹೋದಳು. ಅಮ್ಮ ಆಗಲೂ ನನಗೆ ಬೈಯಲಿಲ್ಲ, ತಲೆ ಸವರಿದಳು ಅಷ್ಟೆ. ನನಗೆ ಆ ಕೈಯನ್ನು ತಳ್ಳಿಬಿಡಬೇಕು ಅನ್ನಿಸುತ್ತಿತ್ತು.

ನಿಜ ಹೇಳುತ್ತೇನೆ, ನನಗೂ ಅವಳ ಮೇಲೆ ಅನುಮಾನವಿತ್ತು. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಅವಳು ಯಾರನ್ನೂ ಕಳಿಸುತ್ತಿರಲಿಲ್ಲ, ತಾನೇ ಹೋಗುತ್ತಿದ್ದಳು. ಜ್ವರ ಇದ್ದರೂ ಹೋಗುತ್ತಿದ್ದಳು. ಮನೆಯಲ್ಲಿ ಹುಳು ಇಲ್ಲದ ದಿನಗಳಲ್ಲೂ ಹೋಗುತ್ತಿದ್ದಳು. ಹುಳುವೇ ಇಲ್ಲದೆ ಸೊಪ್ಪು ಯಾರಿಗೆ? ಒಮ್ಮೆ ನಾನು ಹಿಂದೆಯೇ ಹೋಗಿ ಬೇಲಿಯ ಸಂದಿಯಿಂದ ಇಣುಕಿದೆ. ಅವಳು ಸಾಲುಗಳ ನಡುವೆ ಬಗ್ಗಿ ನೆಲ ನೋಡುತ್ತ ಹೋಗುತ್ತಿದ್ದಳು. ಗಾಡಿದಾರಿಯ ಕಡೆಯ ಬೇಲಿಯ ಹತ್ತಿರ ಹೋಗಿ, ಅದನ್ನು ಹಿಡಿದುಕೊಂಡು ಆಚೆ ನೋಡುತ್ತ ನಿಂತಳು. ಗಾಡಿ ಯಾವುದೂ ಇರಲಿಲ್ಲ. ಇಲ್ಲೇ ಎಲ್ಲೋ ಹೂತಿರಬೇಕು ಎಂದು ನನ್ನ ತಲೆಗೆ ಬಂತು. ಹೆತ್ತ ತಾಯಿಯ ಬಗ್ಗೆ ಎಂಥಾ ಮಾತು, ಥೂ. ಮನೆಗೆ ಬಂದು ಹೊದ್ದು ಮಲಗಿದೆ.

ಅಪ್ಪ ಅವಳನ್ನು ಏನೂ ಕೇಳುತ್ತಿರಲಿಲ್ಲ. ಬಿಟ್ಟೂ ಬಿಡಲಿಲ್ಲ, ಹತ್ತಿರವೂ ಸೇರಿಸಲಿಲ್ಲ. ಜಗಲಿಯ ಮೇಲೇ ಮಲಗುತ್ತಿದ್ದ. ಅವನಿಗೆ ಒಂದು ಅಭ್ಯಾಸ ಅಂಟಿತ್ತು. ಯಾರೇ ಹುಡುಗ ಎದುರು ಬರಲಿ, ಮೊದಲು ಅವನ ಕಾಲು ನೋಡುವುದು. ಅಣ್ಣನ ಬಲಗಾಲಿನ ಹೆಬ್ಬೆರಳ ಮೇಲೆ ರುಬ್ಬುವ ಗುಂಡು ಬಿದ್ದು ಉಗುರು ಸೀಳಿ ಎರಡಾಗಿ ಬೆಳೆದಿತ್ತಂತೆ. ಕೋಲಾರದ ಸಂತೆಯಲ್ಲಿ, ಮುಳಬಾಗಿಲಿನ ಬಸ್ಸಿನಲ್ಲಿ, ಎಲ್ಲಿ ಹೋದರೂ ಅಪ್ಪನ ಕಣ್ಣು ನೆಲದ ಮೇಲೆ. ಯುದ್ಧ ಬಂದು ಹುಡುಗರು ಪಟಾಲಮ್ಮು ಸೇರಿ ಬೂಟು ಹಾಕಿಕೊಂಡು ರಜಕ್ಕೆ ಬರತೊಡಗಿದಾಗ ಅವನು ತುಂಬ ಸಪ್ಪಗಾದ. ಇನ್ನು ಇವರ ಕಾಲು ನೋಡುವುದು ಹೇಗೆ ಎಂದು ನನ್ನನ್ನೇ ಕೇಳಿದ.

ಆ ಕಾಲದಲ್ಲೇ ಒಬ್ಬರು ಸುದ್ದಿ ತಂದರು. ಮಾಲೂರಿನ ಕಡೆ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರ ಮನೆಯಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡ ಒಬ್ಬ ಹುಡುಗನಿದ್ದಾನೆ, ಪ್ರಾಯ ಸರಿಹೊಂದುತ್ತದೆ ಎಂದು. ಅಪ್ಪ ನನ್ನನ್ನು ಕರೆದುಕೊಂಡು ಹೋದ. ಅಮ್ಮ ತಾನೂ ಬರುತ್ತೇನೆ ಅಂದಳು, ಅಪ್ಪ ಬೇಡ ಅಂದ. ಅವಳು ಬುತ್ತಿ ಕಟ್ಟಿಕೊಟ್ಟಳು. ಮೂವರಿಗೆ ಆಗುವಷ್ಟು ಕಟ್ಟಿದ್ದಳು.

ದಾರಿಯುದ್ದಕ್ಕೂ ನಾನು ದೇವರಿಗೆ ಕೈ ಮುಗಿದೆ. ಅವನೇ ಆಗಿರಲಿ, ಅವನೇ ಆಗಿರಲಿ. ಅಣ್ಣ ಬೇಕು ಎಂದಲ್ಲ, ಅವನು ಯಾರು ನನಗೆ? ಅವನು ಬದುಕಿದ್ದರೆ ನಾನು ಊರಿನಲ್ಲಿ ತಲೆ ಎತ್ತಬಹುದಲ್ಲ, ಅದಕ್ಕೆ. ಆ ಹುಡುಗ ಕಲ್ಲಿನ ಪುಡಿಯಲ್ಲಿ ಬೆಳ್ಳಗಾಗಿ ಕೂತು ಒಂದು ವಿಗ್ರಹದ ಬೆನ್ನು ಉಜ್ಜುತ್ತಿದ್ದ. ಕಾಲು ತೋರಿಸಪ್ಪ ಎಂದು ಅಪ್ಪ ಕೇಳಿದಾಗ ಹೆದರಿ ಯಜಮಾನನ ಮುಖ ನೋಡಿದ. ತೊಳೆದು ತೋರಿಸು ಅಂದರು, ತೊಳೆದ. ಐದು ಬೆರಳೂ ನೆಟ್ಟಗಿದ್ದವು. ಅಪ್ಪ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದ, ಬಿಡಲಿಲ್ಲ. ಸುತ್ತ ಕೆಲಸ ಮಾಡುತ್ತಿದ್ದವರೆಲ್ಲ ಉಳಿ ನಿಲ್ಲಿಸಿ ನೋಡುತ್ತಿದ್ದರು. ನನಗೆ ನೆಲಕ್ಕೆ ಇಳಿದುಹೋಗಬೇಕು ಅನ್ನಿಸಿ, ಅಪ್ಪ, ಬಾ ಹೋಗೋಣ ಎಂದು ಅವನ ತೋಳು ಎಳೆದೆ. ಬುತ್ತಿಯಲ್ಲಿ ಉಳಿದ ಪಾಲನ್ನು ಅಪ್ಪ ಆ ಹುಡುಗನಿಗೇ ಕೊಟ್ಟು ಬಂದ. ಮನೆಯಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ನಮ್ಮಿಬ್ಬರ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೋ ಎಂದು ನೋಡಿದಳು, ನೋಡಿ ಒಳಗೆ ಹೋದಳು.

ಸ್ವಾತಂತ್ರ್ಯ ಬಂದ ಮರುವರ್ಷವೋ ಏನೋ, ನನಗೆ ಯಲ್ದೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ಒಳ್ಳೆ ಮಾವಿನ ತೋಪುಗಳಿದ್ದವರು. ನಮ್ಮ ತೋಪು ಕೊನೆಗೆ ನನಗೇ ಬರುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಊರಿನ ಮಾತು ಅವರ ಕಿವಿಗೆ ಬಿದ್ದಿತ್ತು. ಹುಡುಗನ ದೊಡ್ಡಪ್ಪ ಮರ್ಯಾದಸ್ಥ ಮನುಷ್ಯ, ಮೆತ್ತಗೇ ಕೇಳಿದರು. ಮನೆಯ ಹೆಂಗಸರಿಗೆ ಒಂದು ಸಮಾಧಾನ ಆಗಲಿ, ತಾಯಿಯವರು ಗಂಗಮ್ಮನ ಮುಂದೆ ಒಂದು ಕರ್ಪೂರ ಆರಿಸಿಬಿಟ್ಟರೆ ನಾಳೆಯೇ ಲಗ್ನ ಕಟ್ಟಿಸೋಣ ಅಂದರು. ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಇಲ್ಲ ಅನ್ನಲಿಲ್ಲ. ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಗುಡಿಗೆ ಬಂದಳು.

ನಾನು ಅಜ್ಜಿಯ ಪಕ್ಕ ಕಂಬಕ್ಕೆ ಒರಗಿ ನಿಂತಿದ್ದೆ. ಇಷ್ಟು ವರ್ಷದ ಕೊಳೆ ಇವತ್ತು ತೊಳೆದುಹೋಗುತ್ತದೆ ಅನ್ನಿಸಿ ನನಗೆ ಸಂತೋಷವಾಗಿತ್ತು. ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಅವಳ ಮುಂದೆ ಹಿಡಿದ.

"ಆ ಮಗೂಗೆ ಕೇಡು ಮಾಡಿಲ್ಲ, ಏನೂ ಮುಚ್ಚಿಟ್ಟಿಲ್ಲ ಅಂತ ಹೇಳಿ ಆರ್ಸಮ್ಮ" ಅಂದ.

ಅಮ್ಮ ಕೈ ಎತ್ತಿದಳು. ಅಂಗೈ ಉರಿಯ ಹತ್ತಿರಕ್ಕೆ ಬಂತು. ಅವಳ ತುಟಿ ಅಲ್ಲಾಡಿತು. ಆಮೇಲೆ ತಲೆ ತಿರುಗಿಸಿ ಕಂಬದ ಕಡೆ, ನನ್ನ ಕಡೆ, ನೋಡಿದಳು. ನೋಡಿದವಳೇ ಕೈ ಕೆಳಗೆ ಬಿಟ್ಟಳು.

"ಆಗಲ್ಲ. ನನ್ ಮಗಳ ಮದುವೆ ಆಗ್ದಿದ್ರೂ ಪರವಾಗಿಲ್ಲ" ಅಂದಳು.

ಅಜ್ಜಿ ಹಣೆ ಚಚ್ಚಿಕೊಂಡಳು. ಯಲ್ದೂರಿನವರು ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಗಾಡಿ ಹೂಡಿಸಿದರು. ಗುಡಿಯ ಮುಂದೆ ಸೇರಿದ್ದ ಹೆಂಗಸರು ನಮಗೆ ದಾರಿ ಬಿಟ್ಟರು, ಮೈ ತಗುಲಬಾರದು ಎನ್ನುವ ಹಾಗೆ ಸರಿದು ಬಿಟ್ಟರು. ನಾನು ಅಮ್ಮನ ಜೊತೆ ನಡೆಯಲಿಲ್ಲ. ಹತ್ತು ಮಾರು ಹಿಂದೆ, ಅವಳು ಯಾರೋ ನಾನು ಯಾರೋ ಅನ್ನುವಂತೆ ಬಂದೆ. ಕೊಂದಿದ್ದಾಳೆ, ಇವಳು ಕೊಂದೇ ಇದ್ದಾಳೆ, ನನಗೆ ಇನ್ನು ಬೇರೆ ಸಾಕ್ಷಿ ಯಾಕೆ ಬೇಕು ಎಂದುಕೊಂಡೆ. ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ.

ಆ ರಾತ್ರಿ ಮಳೆ ಬಂತು. ಬೆಳಿಗ್ಗೆ ನಾನು ಎದ್ದಾಗ ಹೊಟ್ಟೆಯಲ್ಲಿ ಕೋಪ ಹಾಗೇ ಕೂತಿತ್ತು. ಹುಳುಗಳು ಕೊನೆಯ ಸಲ ಪೊರೆ ಕಳಚುವ ಜ್ವರದಿಂದ ಎದ್ದು ಗಬಗಬ ತಿನ್ನುವ ದಿನಗಳು ಅವು. ಹುಳು ಸಾಕುವ ಮನೆಯಲ್ಲಿ ಎಂಥಾ ಚಿಕ್ಕ ಮಗುವಿಗೂ ಗೊತ್ತಿರುವ ಒಂದು ಮಾತಿದೆ. ಒದ್ದೆ ಸೊಪ್ಪು ಹಾಕಬಾರದು. ಹಾಕಿದರೆ ಹುಳುಗಳಿಗೆ ಹೊಟ್ಟೆ ಕೆಟ್ಟು, ತಟ್ಟೆಗೆ ತಟ್ಟೆಯೇ ಸಾಯುತ್ತದೆ. ನಾನು ಬುಟ್ಟಿ ತೆಗೆದುಕೊಂಡು ತೋಟಕ್ಕೆ ಹೋಗಿ, ನೀರು ತೊಟ್ಟಿಕ್ಕುತ್ತಿದ್ದ ಸೊಪ್ಪನ್ನು ಕಿತ್ತು ತಂದು, ಅಮ್ಮನ ಕಣ್ಣೆದುರಿಗೇ ತಟ್ಟೆಗಳ ಮೇಲೆ ಸುರಿದೆ. ಬೈಯಲಿ, ಈಗಲಾದರೂ ಬೈಯಲಿ, ಎಲ್ಲರ ತಾಯಿಯ ಹಾಗೆ ಜುಟ್ಟು ಹಿಡಿದು ನಾಲ್ಕು ಬಾರಿಸಲಿ. ಆಮೇಲೆ ನಾನೂ ಬಾಯಿ ಬಿಡುತ್ತೇನೆ, ಕೇಳಬೇಕಾದ್ದನ್ನೆಲ್ಲ ಕೇಳುತ್ತೇನೆ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಅಮ್ಮ ತಟ್ಟೆಯ ಪಕ್ಕ ಕುಕ್ಕರಿಸಿ ಕೂತು ಒಂದೊಂದೇ ಎಲೆಯನ್ನು ಎತ್ತಿ ಸೆರಗಿನಿಂದ ಒರೆಸತೊಡಗಿದಳು.

"ಒದ್ದೆ ಸೊಪ್ಪು ಹಾಕ್ಬಾರ್ದು ಕಣಮ್ಮ. ಹುಳ ಸಾಯ್ತವೆ" ಅಂದಳು. ಕೈ ನಿಂತಿತು. "ಅವತ್ತೂ ಇಷ್ಟೇ ಅಂದಿದ್ರೆ ಸಾಕಾಗ್ತಿತ್ತು."

ಅವತ್ತು ಅಂದರೆ ಯಾವತ್ತು ಎಂದು ನಾನು ಕೇಳಬೇಕಾಗಲಿಲ್ಲ. ಅವಳು ನನ್ನ ಕಡೆ ತಿರುಗದೆ, ಎಲೆ ಒರೆಸುತ್ತಲೇ ಹೇಳಿದಳು. ಅವತ್ತೂ ರಾತ್ರಿ ಮಳೆ ಬಿದ್ದಿತ್ತು. ಅವಳಿಗೆ ಬಸಿರಿನ ಓಕರಿಕೆ, ಎದ್ದಿದ್ದು ತಡವಾಗಿತ್ತು. ಬಸಿರಿನ ಸುದ್ದಿ ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಎಂದು ಅಪ್ಪನಿಗೂ ಹೇಳಿರಲಿಲ್ಲ. ಚಿಕ್ಕಮ್ಮ ಮಲಗಿದ್ದಾಳೆ ಎಂದು ಆ ಮಗು ತಾನೇ ತೋಟಕ್ಕೆ ಹೋಗಿ, ಮಡಿಲು ತುಂಬ ಸೊಪ್ಪು ಕಿತ್ತು ತಂದು, ಕೈಗೆ ಎಟುಕಿದ ತಟ್ಟೆಗಳಿಗೆಲ್ಲ ಹಾಕಿ, ಅವಳನ್ನು ಎಬ್ಬಿಸಿ ತೋರಿಸಿತು. ನೀರಿನಲ್ಲಿ ನೆನೆದ ಹುಳುಗಳನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಊರಿನ ಎಲ್ಲ ತಾಯಂದಿರೂ ದಿನಾ ಬೈಯುವ ಮಾತನ್ನೇ ಬೈದಳು. ಹಾಳಾಗಿ ಹೋಗು, ನನ್ನ ಕಣ್ಣಿಗೆ ಕಾಣಿಸಿಕೊಳ್ಳಬೇಡ. ಮಧ್ಯಾಹ್ನವಾದರೂ ಮಗು ಕಾಣದಿದ್ದಾಗ, ಅಪ್ಪನ ಹತ್ತಿರ ತೋಪಿಗೆ ಹೋಗಿರಬೇಕು ಎಂದುಕೊಂಡಳು.

ಸಂಜೆ ಮಗು ಇಲ್ಲ ಎಂದು ಗೊತ್ತಾದಾಗ ಆ ಮಾತನ್ನು ಹೇಗೆ ಹೇಳುವುದು? ಹೆತ್ತವಳು ಬೈದರೆ ಅದು ಬೈಗುಳ. ಮಲತಾಯಿ ಬೈದರೆ ಬೈದು ಓಡಿಸಿದಳು ಅನ್ನುತ್ತಾರೆ. ತೋಪಿಗೆ ಕಳಿಸಿದೆ ಎಂದು ಬಾಯಿಗೆ ಬಂತು. ಒಮ್ಮೆ ಬಂದ ಮೇಲೆ ಪೊಲೀಸರ ಮುಂದೆ, ಊರಿನ ಮುಂದೆ ಅದನ್ನೇ ಹೇಳಬೇಕಾಯಿತು. ಕರ್ಪೂರದ ಮುಂದೆ ಮಾತ್ರ ಆಗಲಿಲ್ಲ. ಆಗ ನಾನು ಹೊಟ್ಟೆಯಲ್ಲಿದ್ದೆ, ಈಗ ಕಂಬದ ಹತ್ತಿರ ನಿಂತಿದ್ದೆ.

ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಇಷ್ಟೇನಾ, ಬರೀ ಒಂದು ಬೈಗುಳಾನಾ, ಇಷ್ಟಕ್ಕೆ ಇಷ್ಟು ವರ್ಷ ಸುಟ್ಟುಕೊಂಡೆಯಾ ಎಂದು ಕೇಳಲು ಹೊರಟಿದ್ದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಅಪ್ಪನ ದನಿ ಬಂತು. ಎಷ್ಟು ಹೊತ್ತಿನಿಂದ ನಿಂತಿದ್ದನೋ ಕಾಣೆ.

"ಅತ್ಕೊಂಡು ಹೋದ್ನಾ?" ಎಂದು ಕೇಳಿದ.

ಅಷ್ಟು ವರ್ಷಗಳಲ್ಲಿ ಅಣ್ಣನ ಬಗ್ಗೆ ಅವನು ಅವಳನ್ನು ನೇರವಾಗಿ ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಮ್ಮ ತಲೆ ಅಲ್ಲಾಡಿಸಿದಳು.

"ಇಲ್ಲ. ನಕ್ಕೊಂಡೇ ಹೋದ. ಒಣಗಿರೋ ಸೊಪ್ಪು ತರ್ತೀನಿ ಇರು ಚಿಕ್ಕಮ್ಮ ಅಂದ."

ನನಗೆ ಮೊದಲು ಅರ್ಥವಾಗಲಿಲ್ಲ. ಅಪ್ಪನಿಗೆ ಆಯಿತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಮೆಲ್ಲಗೆ ಹೊಸಲಿನ ಮೇಲೆ ಕೂತ.

"ಹಂಗಾದ್ರೆ ಅವನು ತೋಪಿನ ಕಡೆ ಬರ್ಲೇ ಇಲ್ಲ" ಅಂದ.

ಕುಂಟೆ, ಬಾವಿ, ತೋಳು ಬಿದ್ದುಹೋದ ಆ ಕಾವಲಿನವನು, ಎಲ್ಲವೂ ಊರಿನ ಮೂಡಲಿಗೆ. ಮಗು ಹೋದದ್ದು ಪಡುವಲಿಗೆ, ಹಿಪ್ಪುನೇರಳೆ ತೋಟಕ್ಕೆ. ಅದರ ಬೇಲಿಯಾಚೆಗೇ ಕೋಲಾರದ ಗಾಡಿದಾರಿ. ಮಾವಿನ ಕಾಲದಲ್ಲಿ ಅಲ್ಲಿ ಒಂದರ ಹಿಂದೆ ಒಂದು ಗಾಡಿ. ಆ ದಾರಿಯಲ್ಲಿ ಯಾರೂ ಒಂದು ಗಾಡಿಯವನನ್ನೂ ಕೇಳಲಿಲ್ಲ, ಒಂದು ಪೊದೆಯನ್ನೂ ಸರಿಸಿ ನೋಡಲಿಲ್ಲ. ಅಮ್ಮ ಒಬ್ಬಳೇ, ಯಾರಿಗೂ ಹೇಳದೆ, ಸೊಪ್ಪಿನ ನೆಪದಲ್ಲಿ, ಅಷ್ಟು ವರ್ಷ ಹುಡುಕಿದ್ದಳು. ನಾನು ಬೇಲಿಯ ಸಂದಿಯಿಂದ ನೋಡಿದ್ದು ಅದನ್ನೇ.

ಅವಳು ಕೊಂದಿರಲಿಲ್ಲ ಎಂದು ಗೊತ್ತಾದ ಆ ಗಳಿಗೆಯಲ್ಲೇ, ತೋಪಿಗೆ ಕಳಿಸಿದೆ ಎಂಬ ಅವಳ ಒಂದು ಮಾತಿನಿಂದ ಅವನು ಸಿಗದೆ ಹೋದ ಎಂದೂ ಗೊತ್ತಾಯಿತು. ತಬ್ಬಿಕೊಳ್ಳಲು ಹೊರಟಿದ್ದ ನನ್ನ ಕೈ ಅಲ್ಲೇ ನಿಂತಿತು. ಅವಳಿಗಾಗಿ ನಾಚಿಕೆಪಟ್ಟೆ, ಅವಳ ಬಾಯಿಂದ ಅಂಥಾ ಸುಳ್ಳು ಬರುವ ಹಾಗೆ ಹೆದರಿಸಿಟ್ಟ ಊರಿಗಾಗಿ ನಾಚಿಕೆಪಟ್ಟೆ. ಅಪ್ಪ ಹೊಡೆಯುತ್ತಾನೆ ಅಂದುಕೊಂಡೆ. ಅಮ್ಮನೂ ಹಾಗೇ ಅಂದುಕೊಂಡಿರಬೇಕು, ಎದ್ದು ಅವನ ಮುಂದೆ ಬಂದು ನಿಂತಳು.

ಅಪ್ಪ ಎದ್ದ. ಟವಲನ್ನು ಹೆಗಲ ಮೇಲೆ ಹಾಕಿಕೊಂಡು, ಅವಳನ್ನು ದಾಟಿ, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ ಪಡುವಲ ದಿಕ್ಕಿಗೆ ನಡೆದ. ಅಮ್ಮ ಅವನ ಹಿಂದೆ ಹೋದಳು. ಅವಳ ಹಿಂದೆ ನಾನು. ತೋಟದೊಳಕ್ಕೆ ಇಳಿದು ಅಪ್ಪ ಬಗ್ಗಿ ಸಾಲುಸಾಲಾಗಿ ನೋಡುತ್ತ ಹೊರಟ. ಅಮ್ಮ ಪಕ್ಕದ ಸಾಲು ಹಿಡಿದಳು. ಅವನು ಮುಂದಿನ ಸಾಲಿಗೆ ತಿರುಗಿದಾಗ ಅವಳು ಅವನ ತೋಳು ಮುಟ್ಟಿ, ಅದಲ್ಲ, ಇಲ್ಲಿ ಎಂದು ಗಾಡಿದಾರಿಯ ಬೇಲಿಯ ಒಂದು ಸಂದಿಯನ್ನು ತೋರಿಸಿದಳು. ಆರು ವರ್ಷದ ಮಗು ನುಸುಳಬಹುದಾದಷ್ಟು ಸಂದಿ ಅದು. ಇಷ್ಟು ವರ್ಷವೂ ಅವಳು ಅದಕ್ಕೆ ಮುಳ್ಳು ಹಾಕಿ ಮುಚ್ಚಲು ಯಾರನ್ನೂ ಬಿಟ್ಟಿರಲಿಲ್ಲ.